ಮಣೇಲಿನ ಬೀದಿಯಲ್ಲಿ ಕಂಡ ರಾಣಿ

ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಕ್ಕೇರಿಯಿಂದ ಘಟ್ಟ ಇಳಿದು, 1623ರ ಡಿಸೆಂಬರಿನಲ್ಲಿ ಮಂಗಳೂರು ಸೀಮೆಗೆ ಬಂದ. ಉಳ್ಳಾಲದ ಚೌಟ ರಾಣಿ ಅಬ್ಬಕ್ಕನನ್ನು ನೋಡಲೆಂದೇ ಮಣೇಲಿಗೂ ಹೋದ. ಅಲ್ಲಿ ಕಂಡದ್ದನ್ನು ನೇಪಲ್ಸಿನ ವೈದ್ಯಮಿತ್ರ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರದಲ್ಲಿ ದಾಖಲಿಸಿದ. ಅಬ್ಬಕ್ಕನ ಬಗ್ಗೆ ಮಾತಾಡುವ ಯಾರೂ ಈ ಪತ್ರವನ್ನು ದಾಟಿ ಹೋಗಲಾಗದು.

ಪತ್ರದ ಶಕ್ತಿ ಇರುವುದು ನೋಟದಲ್ಲಿ. ರಾಣಿ ಸಿಂಹಾಸನದ ಮೇಲಿಲ್ಲ, ಬೀದಿಯಲ್ಲಿ ನಡೆಯುತ್ತಿದ್ದಾಳೆ. ಬರಿಗಾಲು, ಸೊಂಟಕ್ಕೆ ಸುತ್ತಿದ ಬಿಳಿ ಬಟ್ಟೆ, ತಲೆಯ ಮೇಲೆ ಓಲೆಕೊಡೆ. ಗದ್ದೆಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಗಳ ಕೆಲಸ ನೋಡಲು ಅವಳೇ ಹೊರಟಿದ್ದಳು. ಗಂಡನಾದ ಬಂಗರಸನಿಂದ ಬೇರೆಯಾಗಿ ಅವನ ಒಡವೆಗಳನ್ನು ಹಿಂದಿರುಗಿಸಿದ್ದು, ಇಕ್ಕೇರಿಯ ವೆಂಕಟಪ್ಪ ನಾಯಕ ಅವಳ ಬೆಂಬಲಕ್ಕೆ ನಿಂತದ್ದು, ಇವೂ ಪತ್ರದಲ್ಲಿವೆ.

ಸೋಲುವುದು ತೀರ್ಪು. ಕಪ್ಪು ಮೈಬಣ್ಣ, ದಪ್ಪ ದೇಹ, ಸರಳ ಉಡುಗೆಯನ್ನು ಕಂಡು ಅವಳನ್ನು ಅಡುಗೆಯವಳಿಗೂ ಅಗಸಗಿತ್ತಿಗೂ ಹೋಲಿಸುತ್ತಾನೆ. ಸ್ಪೇನ್ ದೊರೆಯ (ಆಗ ಪೋರ್ಚುಗೀಸರಿಗೂ ಅವನೇ ದೊರೆ) ಸೈನ್ಯ ಸೋತದ್ದು ಇವಳಿಗೋ ಎಂದು ಬೆರಗಾಗುತ್ತಾನೆ. ಆಳುವವರ ಮೈಯಲ್ಲಿ ವೈಭವ ಕಾಣಲೇಬೇಕೆಂಬ ಯುರೋಪಿನ ನಂಬಿಕೆ ಅವನನ್ನು ಬಿಟ್ಟಿರಲಿಲ್ಲ. ಆದರೆ ಅವಳು ಮಾತಾಡಿದಾಗ ದನಿಯ ಘನತೆಯನ್ನೂ ಮಾತಿನ ವಿವೇಕವನ್ನೂ ಒಪ್ಪಿಕೊಂಡು ಬರೆದ. ತನ್ನ ತೀರ್ಪನ್ನೇ ಅಲುಗಾಡಿಸುವ ಸಾಕ್ಷ್ಯವನ್ನು ಮುಚ್ಚಿಡದ ಈ ಪ್ರಾಮಾಣಿಕತೆಯೇ ಅವನ ದೊಡ್ಡ ಗುಣ.

ಅವನಲ್ಲಿ ಇಲ್ಲದ್ದೇನೆಂದು ತಿಳಿಯಲು ಇನ್ನೊಬ್ಬ ಯುರೋಪಿಯನ್ನನ ಬರಹದೊಂದಿಗೆ ಹೋಲಿಸಬೇಕು. 1690ರಿಂದ 1692ರವರೆಗೆ ನಾಗಸಾಕಿಯಲ್ಲಿದ್ದ ಜರ್ಮನ್ ವೈದ್ಯ ಎಂಗೆಲ್‌ಬರ್ಟ್ ಕೆಂಪ್ಫರ್ ಜಪಾನಿನ ಕಡಲ ತಿಮಿಂಗಿಲಗಳನ್ನು ಅಲ್ಲಿನವರು ಕರೆಯುವ ಹೆಸರುಗಳಲ್ಲೇ ವಿಂಗಡಿಸಿ, ಅವುಗಳ ಉಪಯೋಗವನ್ನೂ ಬರೆದಿಟ್ಟ. ಅಲ್ಲಿ ಊರವರ ತಿಳಿವಳಿಕೆಯೇ ವಿವರಣೆಯ ತಳಹದಿ. ಮಣೇಲಿನ ಪುಟಗಳಲ್ಲಿ ಇದೇ ಕಡಿಮೆ: ಕಾಲುವೆ ತೋಡುತ್ತಿದ್ದವರು ಯಾರು, ನೀರು ಯಾರ ಗದ್ದೆಗೆ ಹೋಗುತ್ತಿತ್ತು ಎಂದು ದೆಲ್ಲಾ ವಾಲೆ ವಿಚಾರಿಸಲಿಲ್ಲ.

ನಾವೂ ಈ ಪತ್ರಕ್ಕೆ ನ್ಯಾಯ ಮಾಡಿಲ್ಲ. ಹೊಗಳಿಕೆಯನ್ನು ಆರಿಸಿಕೊಂಡು ಹೀಯಾಳಿಕೆಯನ್ನು ಬಿಡುತ್ತೇವೆ. ಖಡ್ಗ ಹಿಡಿದ ರಾಣಿಯನ್ನು ಮತ್ತೆ ಮತ್ತೆ ಚಿತ್ರಿಸಿ, ನೀರಾವರಿ ನೋಡಲು ಬರಿಗಾಲಲ್ಲಿ ಹೊರಟವಳನ್ನು ಮರೆಯುತ್ತೇವೆ. ಪೋರ್ಚುಗೀಸರನ್ನು ಎದುರಿಸಿದ ರಾಜ್ಯ ಬೇಸಾಯದ ಬಲದ ಮೇಲೂ ನಿಂತಿತ್ತು. ಅದನ್ನು ಕಣ್ಣಾರೆ ಕಂಡು ಹೇಳಿದವನು ಈ ಪರದೇಶಿ. ಆದ್ದರಿಂದ ಮಂಗಳೂರಿನ ಕಾಲೇಜುಗಳಲ್ಲಿ ಈ ಭಾಗವನ್ನು ಅದರ ಪೂರ್ವಗ್ರಹದ ಸಮೇತ, ಒಂದು ಸಾಲನ್ನೂ ಬಿಡದೆ ಓದಿಸಬೇಕು.