ಕ್ರಯಪತ್ರದಲ್ಲಿ ಕಾಣುವ ಬೆಲೆ: ಒಂದು ಆಕರವಿಮರ್ಶೆ

ಬೆಂಗಳೂರಿನ ಬಡಾವಣೆಗಳ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಗಳು ಮನೆ ನಿವೇಶನಗಳ ಬೆಲೆಯನ್ನು ತಿಳಿಯಲು ಮೊದಲು ಅರಸುವುದು ಉಪನೋಂದಣಾಧಿಕಾರಿಯ ಕಚೇರಿಯ ಕ್ರಯಪತ್ರಗಳನ್ನು. ಅದು ಸಹಜವೇ ಸರಿ. 1908ರ ನೋಂದಣಿ ಕಾಯಿದೆಯ ದೆಸೆಯಿಂದ ಉಳಿದು ಬಂದಿರುವಷ್ಟು ದೀರ್ಘವಾದ ದಾಖಲೆಗಳ ಸಾಲು ಈ ವಿಷಯದಲ್ಲಿ ನಮಗೆ ಬೇರೆಡೆ ದೊರೆಯದು. ಪತ್ರದಲ್ಲಿರುವ ಚಕ್ಕುಬಂದಿ, ಸ್ವತ್ತು ಕೈಯಿಂದ ಕೈಗೆ ಬಂದ ಬಗೆ, ಒಪ್ಪಿಗೆಯ ರುಜು ಹಾಕಿದ ಮಕ್ಕಳು ಮೊಮ್ಮಕ್ಕಳ ಹೆಸರು, ಇವೆಲ್ಲ ಬಹುಮಟ್ಟಿಗೆ ನಂಬತಕ್ಕವು. 1898ರ ಪ್ಲೇಗಿನ ಅನಂತರ ಬಸವನಗುಡಿ ಮಲ್ಲೇಶ್ವರಗಳಲ್ಲಿ ಯಾರ ನೆರೆಗೆ ಯಾರು ಬಂದು ನೆಲಸಿದರೆಂಬುದನ್ನು ಚಕ್ಕುಬಂದಿಯೇ ಹೇಳಬಲ್ಲುದು. ಆದರೆ ಅದೇ ಪತ್ರದಲ್ಲಿ ಕಾಣಿಸಿದ ಮೊಬಲಗನ್ನು ಅದೇ ವಿಶ್ವಾಸದಿಂದ ಕೋಷ್ಟಕಕ್ಕೆ ಇಳಿಸುವುದನ್ನು ನಾವು ಒಪ್ಪಲಾರೆವು.

ಕಾರಣ ಸ್ಪಷ್ಟವಾಗಿದೆ. ಮುದ್ರಾಂಕ ಶುಲ್ಕವು ಪತ್ರದ ಬೆಲೆ, ಸರ್ಕಾರದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಬೀಳುತ್ತದೆ. 2003ರಿಂದ ಆದಾಯ ತೆರಿಗೆಯ ನಿಯಮವೂ ಮಾರುವವನ ಲಾಭವನ್ನು ಎಣಿಸುವಾಗ ಈ ಸರ್ಕಾರಿ ಬೆಲೆಯತ್ತಲೇ ನೋಡತೊಡಗಿತು. ಹೀಗಾಗಿ ಅದಕ್ಕಿಂತ ಕಡಿಮೆ ಬರೆದರೆ ಲಾಭವಿಲ್ಲ, ಹೆಚ್ಚು ಬರೆದರೆ ನಷ್ಟ. ಉಭಯತ್ರರೂ ಮಾರ್ಗಸೂಚಿಯ ಅಂಕಿಯನ್ನೇ ಬರೆಸಿ ಉಳಿದುದನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ಬೆಳೆದುದರಲ್ಲಿ ಆಶ್ಚರ್ಯವೇನು? ಇಂತಹ ಪತ್ರಗಳಿಂದ ಎಳೆದ ಬೆಲೆಯ ರೇಖೆ ಪೇಟೆಯ ಏರಿಳಿತವನ್ನು ತೋರಿಸುವುದಿಲ್ಲ. ಸರ್ಕಾರವು ದರವನ್ನು ಪರಿಷ್ಕರಿಸಿದ ದಿನಗಳನ್ನು ತೋರಿಸುತ್ತದೆ. 2023ರ ಅಕ್ಟೋಬರಿನಲ್ಲಿ ಅಂತಹ ಪರಿಷ್ಕರಣವೊಂದು ನಡೆಯಿತು. ಮುಂದೊಂದು ದಿನ ಯಾರಾದರೂ ಆ ತಿಂಗಳಲ್ಲಿ ಮನೆಗಳಿಗೆ ಹಠಾತ್ತಾಗಿ ಗಿರಾಕಿಗಳು ಮುಗಿಬಿದ್ದರೆಂದು ಬರೆದಾರು.

ಇದಕ್ಕಿಂತ ವಿಚಿತ್ರವಾದುದು ಪ್ರಾಧಿಕಾರದ ನಿವೇಶನಗಳ ಪ್ರಸಂಗ. 1945ರ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕೆಲಸವನ್ನು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಂಡಿತು. ಅದರ 1984ರ ಹಂಚಿಕೆ ನಿಯಮಗಳಂತೆ ನಿವೇಶನ ಪಡೆದವರು ಮೊದಲ ಹತ್ತು ವರ್ಷ ಗುತ್ತಿಗೆದಾರರು. ಅನಂತರವೇ ಶುದ್ಧ ಕ್ರಯಪತ್ರ. ಆ ಪತ್ರದಲ್ಲಿ ನಮೂದಾಗುವುದು ಹಂಚಿಕೆಯ ಕಾಲದ ಹಳೆಯ ಬೆಲೆ. ಅದನ್ನು ನೋಂದಣಿಯ ವರ್ಷದ ಬೆಲೆಯೆಂದು ಎಣಿಸಿದರೆ ಬೆಂಗಳೂರಿನಲ್ಲಿ ನೆಲ ಅಗ್ಗವಾಗುತ್ತ ಹೋಯಿತೆಂದೇ ಸಿದ್ಧವಾಗುತ್ತದೆ! ನಡುವಣ ಹತ್ತು ವರ್ಷಗಳಲ್ಲಿ ಅಧಿಕಾರಪತ್ರ, ಕರಾರುಗಳ ಮೂಲಕ ನಡೆದ ಕೈಬದಲುಗಳು ಈ ಸಾಲಿನಲ್ಲಿ ಕಾಣುವುದೇ ಇಲ್ಲ. ಅಧಿಕಾರಪತ್ರದಿಂದ ಹಕ್ಕು ವರ್ಗವಾಗದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಖಂಡಿತವಾಗಿ ಹೇಳಿತು. ಆದರೆ ಹಣ ಕೊಟ್ಟು ಮನೆ ಕಟ್ಟಿಕೊಂಡವರು ಇದ್ದುದಂತೂ ನಿಜ.

ಇದು ಕೇವಲ ಸಂಶೋಧಕರ ತೊಡಕೆಂದು ಭಾವಿಸಬಾರದು. ಮಾತಿನಲ್ಲಿ 1 ಕೋಟಿ ರೂಪಾಯಿಗೆ ಕುದುರಿದ ಮನೆಗೆ ಪತ್ರದಲ್ಲಿ 80 ಲಕ್ಷ ಬರೆಸಿದರೆಂದು ಇಟ್ಟುಕೊಳ್ಳೋಣ. ಬ್ಯಾಂಕು ಪತ್ರದ ಬೆಲೆಯ ಮೇಲೆ ಶೇಕಡಾ 75ರಂತೆ 60 ಲಕ್ಷ ಸಾಲ ಕೊಟ್ಟರೆ, ಕೊಳ್ಳುವವನು 40 ಲಕ್ಷವನ್ನು ತಾನೇ ಹೊಂದಿಸಬೇಕು. ನಿಜವಾದ ಬೆಲೆಯನ್ನು ಬರೆದಿದ್ದರೆ 25 ಲಕ್ಷ ಸಾಕಾಗುತ್ತಿತ್ತು. ಸಂಬಳವನ್ನೇ ನೆಚ್ಚಿದ ಅಧ್ಯಾಪಕನೋ ಗುಮಾಸ್ತನೋ ಹಿಂಜರಿಯುವುದು ಈ 15 ಲಕ್ಷದ ಮುಂದೆ. ನಗದು ಉಳ್ಳವನು ಆ ಮನೆಯನ್ನು ಕೊಳ್ಳುತ್ತಾನೆ. ಮಾರುವವನಿಗೂ ಕ್ಷೇಮವಿಲ್ಲ: ಬರೆಯದ 20 ಲಕ್ಷ ಬಾರದೆ ಹೋದರೆ ಯಾವ ಪತ್ರವನ್ನು ಹಿಡಿದು ನ್ಯಾಯಾಲಯಕ್ಕೆ ಹೋದಾನು? ಯಾರು ಮನೆ ಕೊಳ್ಳಲಾಗದೆ ಹಿಂದೆ ಸರಿದರೆಂಬುದನ್ನು ಕ್ರಯಪತ್ರ ಎಂದಿಗೂ ತಿಳಿಸದು.

ಹಾಗಾದರೆ ಪತ್ರಗಳನ್ನು ಬಿಡಬೇಕೆ? ಬೇಡ. ಸಾಲದಿಂದ ಕೊಂಡ ಹೊಸ ವಸತಿಗೃಹಗಳ ಪತ್ರಗಳು ಹಳೆಯ ಮನೆಗಳ ಪತ್ರಗಳಿಗಿಂತ ನಿಜಕ್ಕೆ ಸಮೀಪವಾಗಿರುವ ಸಂಭವ ಹೆಚ್ಚು. ಇವೆರಡನ್ನು ಒಂದೇ ಕೋಷ್ಟಕದಲ್ಲಿ ಬೆರಸತಕ್ಕುದಲ್ಲ. ಪತ್ರಿಕೆಗಳ ಜಾಹೀರಾತಿನಲ್ಲಿರುವುದು ಕೇಳಿದ ಬೆಲೆ, ಕುದುರಿದುದಲ್ಲ. ಪಾಲು ವ್ಯಾಜ್ಯದ ಕಡತಗಳು ಇವೆಲ್ಲಕ್ಕಿಂತ ಉಪಯುಕ್ತವೆಂದು ನಮಗೆ ತೋರುತ್ತದೆ. ಅಣ್ಣತಮ್ಮಂದಿರು ಜಗಳವಾಡುವಾಗ ಮನೆಯ ನಿಜವಾದ ಬೆಲೆಯನ್ನು ಒಬ್ಬನಾದರೂ ಹೇಳಿಯೇ ಹೇಳುತ್ತಾನೆ. ನಮ್ಮ ವಿದ್ಯಾರ್ಥಿಗಳು ಆ ಕಡತಗಳಿಂದ ಆರಂಭಿಸಿ, ಅನಂತರ ಅದೇ ಮನೆಗಳ ಕ್ರಯಪತ್ರಗಳನ್ನು ತೆಗೆದು ಓದಲಿ.