ರಾಜಮ್ ಕಾಗದ ಬರೆದನೇ?

ಪುರಸವಾಕ್ಕಂ ಕಡೆ ಹೋದಾಗಲೆಲ್ಲ, ಆರ್.ಕೆ. ನಾರಾಯಣ್ 1906ರಲ್ಲಿ ಹುಟ್ಟಿದ್ದು ಇದೇ ಮದ್ರಾಸಿನಲ್ಲಿ ಅಂತ ನೆನಪಾಗುತ್ತದೆ. ಹಿಂದೆಯೇ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೆನಪಿಗೆ ಬರುತ್ತದೆ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ಈ ಧಾರಾವಾಹಿಗೆ ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ನಮ್ಮ ಶಿವಮೊಗ್ಗ ಜಿಲ್ಲೆಯ ಅರಸಾಳು.

ಅದರಲ್ಲಿ ಸ್ವಾಮಿಯ ಕಥೆ ಮುಗಿಯುವ ಕಂತು ನನ್ನನ್ನು ಇವತ್ತಿಗೂ ಕಾಡುತ್ತದೆ. ಕ್ರಿಕೆಟ್ ಮ್ಯಾಚಿಗೆ ಬಾರದೆ ಕೈಕೊಟ್ಟ ಸ್ವಾಮಿಯ ಮೇಲೆ ರಾಜಮ್‌ಗೆ ಕೋಪ. ಅಷ್ಟರಲ್ಲಿ ಪೊಲೀಸ್ ಅಧಿಕಾರಿಯಾದ ಅವನಪ್ಪನಿಗೆ ವರ್ಗವಾಗುತ್ತದೆ. ರೈಲು ಹೊರಟೇಬಿಡುತ್ತದೆ. ರಾಜಮ್ ಕ್ಷಮಿಸಿದನೋ ಇಲ್ಲವೋ?

ಮೂಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ (1935) ಕೂಡ ಇದಕ್ಕೆ ನೇರ ಉತ್ತರ ಕೊಡುವುದಿಲ್ಲ. ರಾಜಮ್ ಏನೋ ಹೇಳಲು ಬಾಯಿ ತೆರೆದಂತೆ ಸ್ವಾಮಿಗೆ ಕಾಣುತ್ತದೆ. ಅಷ್ಟರಲ್ಲಿ ರೈಲಿನ ಸಿಳ್ಳೆ. ಸ್ವಾಮಿ ಕೊಟ್ಟ ಪುಸ್ತಕವನ್ನು ಅವನು ತೆಗೆದುಕೊಳ್ಳುತ್ತಾನೆ, ಕೈಬೀಸುತ್ತಾನೆ. ಆಮೇಲೆ ಮಣಿ, ನಿನ್ನ ವಿಳಾಸ ಅವನಿಗೆ ಕೊಟ್ಟಿದ್ದೇನೆ ಅನ್ನುತ್ತಾನೆ. ಯಾವ ವಿಳಾಸ ಅಂತ ಸ್ವಾಮಿ ಕೇಳಿದರೆ ತಡವರಿಸುತ್ತಾನೆ. ಬ್ಯಾಂಕಿನಲ್ಲಿ ಸವೆದವನಿಗೆ ಇಷ್ಟು ಸಾಕು, ಮಣಿ ಹೇಳಿದ್ದು ಸುಳ್ಳು! ಆದರೆ ಎಂಥ ಸುಳ್ಳು? ಯಾರಿಗೆ ಕಂಡರೂ ದೊಣ್ಣೆ ತೋರಿಸುತ್ತಿದ್ದ ಹುಡುಗ ಮೊದಲ ಸಲ ಒಬ್ಬ ಗೆಳೆಯನ ಮನಸ್ಸು ಕಾಯುತ್ತಿದ್ದಾನೆ.

ಹಾಗಾದರೆ ರಾಜಮ್ ಕ್ಷಮಿಸಲಿಲ್ಲ ಅಂತಲೇ? ಬಹಳ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ನೋಡುವವರೆಲ್ಲ ಸ್ವಾಮಿಯ ಜೊತೆ ಪ್ಲಾಟ್‌ಫಾರಂ ಮೇಲೆ ನಿಂತಿರುತ್ತೇವೆ, ಅಲ್ಲವೇ? 1998ರಲ್ಲಿ ಶಿವಮೊಗ್ಗದಿಂದ ಚೆನ್ನೈಗೆ ವರ್ಗವಾದಾಗ ನಾನು ರೈಲಿನ ಒಳಗಿದ್ದೆ. ಗೆಳತಿಯ ವಿಳಾಸ ಮಗಳ ಪೆನ್ಸಿಲ್ ಡಬ್ಬಿಯಲ್ಲಿತ್ತು. ಎರಡು ಕಾಗದ ಬರೆದಳು. ಆಮೇಲೆ ಹೊಸ ಶಾಲೆ, ತಮಿಳು ಅಕ್ಷರ, ಹೊಸ ಗೆಳತಿಯರು. ಮೂರನೆಯದನ್ನು ಬರೆಯಲೇ ಇಲ್ಲ. ಅವಳಿಗೆ ಯಾರ ಮೇಲೂ ಕೋಪವಿರಲಿಲ್ಲ. ‘ಬರೆದೆಯೇನಮ್ಮಾ’ ಅಂತ ನಾನೂ ಕೇಳಲಿಲ್ಲ. ಶಿವಮೊಗ್ಗದಲ್ಲಿ ಆ ಹುಡುಗಿ ಎಷ್ಟು ದಿನ ಅಂಚೆಯವನ ದಾರಿ ಕಾದಳೋ.

ಅದಕ್ಕೇ ನನಗೀಗ ಅನ್ನಿಸುವುದು: ರಾಜಮ್ ಪುಸ್ತಕ ತೆಗೆದುಕೊಂಡಾಗಲೇ ಕ್ಷಮಿಸಿದ್ದ. ಕಾಗದ ಮಾತ್ರ ಬರೆದಿರಲಾರ. ಊರು ಬಿಟ್ಟವರ ಮೌನ ಮುನಿಸಲ್ಲ. ಆದರೆ ಉಳಿದವರಿಗೆ ಅದು ಮುನಿಸಿನ ಹಾಗೇ ಕಾಣುತ್ತದೆ. ಲೆಕ್ಕ ಯಾವುದಕ್ಕೆ ಸೇರಿದ್ದೆಂದು ತಿಳಿಯದ ಹಣವನ್ನು ನಾವು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು, ಮುಂದೊಂದು ದಿನ ಸರಿಹೊಂದಿಸಬೇಕು. ನಾರಾಯಣ್ ಆ ಖಾತೆಯನ್ನು ಹಾಗೇ ತೆರೆದಿಟ್ಟು ಹೋದರು. ನನ್ನ ಮನೆಯದನ್ನು ನಾನು ಇನ್ನೂ ಸರಿಹೊಂದಿಸಿಲ್ಲ.