ತಂತು ತುಂಡಾದರೆ ಹೊಣೆ ಯಾರದು?

ಊರಿನವರೇ ಒಡೆಯರಾಗಿ, ಲಾಭದ ಉದ್ದೇಶವಿಲ್ಲದೆ ನಡೆಸುವ ದ್ಯುತಿತಂತು ಅಂತರಜಾಲ ಸಹಕಾರ ಸಂಘ! ಕೇಳಿದೊಡನೆ ಹಿಡಿಸುವ ಕಲ್ಪನೆ. ಅದನ್ನು ಮೆಚ್ಚುವವರು ಹೇಳುವುದು ಎರಡು ಮಾತು: ವೇಗ ಹೆಚ್ಚು, ಶುಲ್ಕ ಕಡಿಮೆ. ಮೊದಲನೆಯದು ನಿಜ. ಎರಡನೆಯದನ್ನು ನೀವು ಅನುಮಾನದಿಂದ ನೋಡಬೇಕೆಂಬುದು ನನ್ನ ವಾದ.

ಭೌತಶಾಸ್ತ್ರದಿಂದಲೇ ಆರಂಭಿಸೋಣ. ಸಂಪೂರ್ಣ ಆಂತರಿಕ ಪ್ರತಿಫಲನದಿಂದ ಗಾಜಿನ ಎಳೆಯಲ್ಲಿ ಸಾಗುವ ಬೆಳಕು 1310 ನ್ಯಾನೋಮೀಟರ್ ತರಂಗದೂರದಲ್ಲಿ ಕಿಲೋಮೀಟರಿಗೆ ಸುಮಾರು 0.35 ಡೆಸಿಬೆಲ್ ಮಾತ್ರ ಕುಗ್ಗುತ್ತದೆ. ಒಂದು ಎಳೆಯನ್ನು 32 ಮನೆಗಳಿಗೆ ಹಂಚುವ ವಿಭಾಜಕದಲ್ಲಿ ಆಗುವ ನಷ್ಟ ಸುಮಾರು 17 ಡೆಸಿಬೆಲ್. 5 ಕಿಲೋಮೀಟರ್ ದೂರ, ಬೆಸುಗೆ, ಜೋಡಣೆಗಳ ನಷ್ಟ ಸೇರಿಸಿದರೂ ಒಟ್ಟು 21 ದಾಟುವುದು ಅಪರೂಪ. ಬಳಕೆಯಲ್ಲಿರುವ ಉಪಕರಣಗಳು 28 ಡೆಸಿಬೆಲ್ ನಷ್ಟವನ್ನು ತಾಳಬಲ್ಲವು. ಅಂದರೆ ಹಳ್ಳಿಯ ದೂರ ಬೆಳಕಿಗೆ ಅಡ್ಡಿಯೇ ಅಲ್ಲ.

ಅಡ್ಡಿ ಇರುವುದು ನೆಲದಲ್ಲಿ. ಕುಂದಾಪುರದ ಸಮೀಪದ ತಲ್ಲೂರಿನಲ್ಲಿ ಇಂಥ ಸಂಘವೊಂದು ಹುಟ್ಟಿತೆಂದು ಊಹಿಸಿಕೊಳ್ಳಿ. ಬಯಲುಸೀಮೆಯಂತೆ ಕರಾವಳಿಯ ಮನೆಗಳು ಒತ್ತೊತ್ತಾಗಿಲ್ಲ. ಗದ್ದೆಯ ಅಂಚಿಗೊಂದು, ತೋಟದ ಒಳಗೊಂದು. ಅಗೆದರೆ ಮುರಕಲ್ಲು. ಕಂಬಕ್ಕೆ ಕಟ್ಟಿದರೆ ಮಳೆಗಾಲದಲ್ಲಿ ಬೀಳುವ ತೆಂಗಿನ ಗರಿ, ಮರದ ಕೊಂಬೆ. ಮುಖ್ಯ ತಂತು ಒಂದೆಡೆ ತುಂಡಾದರೆ 32 ಮನೆಗಳೂ ಒಟ್ಟಿಗೆ ಮೌನ. ಆ ರಾತ್ರಿ ಟಾರ್ಚು ಹಿಡಿದು ಹೋಗುವವರು ಯಾರು? ಸಂಘದ ಹಣೆಬರಹ ನಿರ್ಧಾರವಾಗುವುದು ಈ ಪ್ರಶ್ನೆಯಿಂದ.

ಸರ್ಕಾರಿ ಯೋಜನೆ ಎಡವಿದ್ದೂ ಇಲ್ಲಿಯೇ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆ ತಂತುವನ್ನು ಪಂಚಾಯಿತಿಯ ಬಾಗಿಲಿಗೆ ತಂದಿತು. ಆದರೆ ಅದನ್ನು ತನ್ನದೆಂದು ಕಾಯುವವರು ಊರಿನಲ್ಲಿ ಇರಲಿಲ್ಲ. 2023ರಲ್ಲಿ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಯಲ್ಲಿ, ಒಂದೆಡೆ ತುಂಡಾದರೂ ಇನ್ನೊಂದು ದಿಕ್ಕಿನಿಂದ ಸಂಕೇತ ತಲುಪಿಸುವ ಉಂಗುರ ರಚನೆಯನ್ನೂ 10 ವರ್ಷಗಳ ನಿರ್ವಹಣೆಯನ್ನೂ ಸೇರಿಸಬೇಕಾಯಿತು. ತಪ್ಪೊಪ್ಪಿಗೆಗೆ ಬೇರೆ ಸಾಕ್ಷಿ ಬೇಕೆ?

ಸಹಕಾರಿ ಮಾದರಿಗೆ ಒಳ್ಳೆಯ ಉದಾಹರಣೆ ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿದೆ. 2011ರಲ್ಲಿ ಆರಂಭವಾದ 'ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್' ಸಂಸ್ಥೆಯಲ್ಲಿ ಎಷ್ಟು ಷೇರು ಇದ್ದರೂ ಸದಸ್ಯನಿಗೆ ಒಂದೇ ಮತ. ರೈತರು ಹೊಲದಲ್ಲಿ ತಂತು ಹಾಯಿಸಲು ಹಣ ಕೇಳಲಿಲ್ಲ. ಊರವರೇ ಗುದ್ದಲಿ ಹಿಡಿದರು. ಮನೆಮನೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಬಂತು. ಇಲ್ಲಿ ವೆಚ್ಚ ತಗ್ಗಿದ್ದು ಮುಖ್ಯವಾಗಿ ದುಡಿಮೆ ಮತ್ತು ದಾರಿ ಪುಕ್ಕಟೆಯಾಗಿ ಸಿಕ್ಕಿದ್ದರಿಂದ. ಲಾಭ ಬೇಡವೆಂದ ಮಾತ್ರಕ್ಕೆ ಅಲ್ಲ.

ನಮ್ಮಲ್ಲಿ ಹತ್ತಿರದ ಹೋಲಿಕೆ ವಿದ್ಯುತ್ತಿನದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಲ್ಲಿ ಹುಟ್ಟಿತು. ಸಗಟಾಗಿ ವಿದ್ಯುತ್ ಕೊಂಡು ಗ್ರಾಹಕರಿಗೆ ಹಂಚುವ ಅದು ಇಂದಿಗೂ ಉಳಿದಿದೆ. ತಂತು ಸಂಘವೂ ಹೀಗೆಯೇ ಪರವಾನಗಿ ಇರುವ ಸಂಸ್ಥೆಯಿಂದ ಸಗಟು ಸಂಪರ್ಕ ಕೊಳ್ಳಬೇಕಾಗುತ್ತದೆ. ಅದೇ ಕಾಲದ, ಮಹಾರಾಷ್ಟ್ರದ ಮುಳಾ-ಪ್ರವರಾ ಸಂಘವಾದರೋ ವಿದ್ಯುತ್ ಖರೀದಿಯ ಬಾಕಿ ಬೆಟ್ಟದಂತೆ ಬೆಳೆದು, 2011ರಲ್ಲಿ ವಿತರಣೆಯ ಹಕ್ಕನ್ನೇ ಕಳೆದುಕೊಂಡಿತು. ಒಡೆತನ ಜನರದ್ದಾದರೆ ಸಾಲದು, ಲೆಕ್ಕವೂ ಸರಿಯಿರಬೇಕು.

ಮೊಳಹಳ್ಳಿ ಶಿವರಾಯರು ಬೆಳೆಸಿದ ಕರಾವಳಿಗೆ ಸಹಕಾರ ಹೊಸತಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಹಾಲಿನ ಸಂಘಕ್ಕೆ ಸದಸ್ಯರು ದಿನವೂ ಕ್ಯಾನು ಹಿಡಿದು ಹೋಗುತ್ತಾರೆ. ಸಂಘ ಕಣ್ಣೆದುರಿಗೆ ಇರುತ್ತದೆ. ತಂತು ಮಣ್ಣಿನೊಳಗೆ. ಅದು ನೆನಪಾಗುವುದು ಕೆಟ್ಟಾಗ ಮಾತ್ರ. ಆದ್ದರಿಂದ ಕೆಡುವ ಮೊದಲೇ ದುರಸ್ತಿ ನಿಧಿ ಕೂಡಿಸುವುದು ಇಲ್ಲಿ ಇನ್ನಷ್ಟು ಅಗತ್ಯ, ಇನ್ನಷ್ಟು ಕಷ್ಟ. ಲಾಭರಹಿತ ಎಂದರೆ ಉಳಿತಾಯರಹಿತ ಎಂದಲ್ಲ. ಅತಿ ಕಡಿಮೆ ಶುಲ್ಕವೇ ಹೆಮ್ಮೆಯಾದ ಸಂಘ ಮೊದಲ ದೊಡ್ಡ ಮಳೆಗೇ ಕೈಚೆಲ್ಲೀತು.

ಶಿಕ್ಷಕರು ಇದನ್ನೊಂದು ಚಟುವಟಿಕೆಯಾಗಿ ಮಾಡಿಸಬಹುದು. ಶಾಲೆಯ ಸುತ್ತಲಿನ 32 ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ, ತಂತುವಿನ ಉದ್ದ ಅಳೆಯಿರಿ. ಡೆಸಿಬೆಲ್ ಲೆಕ್ಕ ಹಾಕಿ. ಬಳಿಕ ಮನೆಗೆ ತಿಂಗಳಿಗೆ 100 ರೂಪಾಯಿ ದುರಸ್ತಿಗೆಂದು ಎತ್ತಿಡಿ: ವರ್ಷಕ್ಕೆ 38,400. ಊರಿನ ತಂತ್ರಜ್ಞನೊಬ್ಬನ ಸಂಬಳಕ್ಕೆ ಅದು ಸಾಲುವುದೆ? ಸಾಲದಿದ್ದರೆ ಎಷ್ಟು ಮನೆಗಳು ಸೇರಬೇಕು? ಬೆಳಕಿನ ಲೆಕ್ಕ ಸುಲಭವಾಗಿ ಸರಿಹೋಗುತ್ತದೆ. ಎರಡನೆಯ ಲೆಕ್ಕವೂ ಸರಿಹೋದ ದಿನ ಸಂಘ ಕಟ್ಟಿ.